ಸ್ಟ್ರಾಂಗ್ ಕ್ರಾಫ್ಟ್ ಬಿಯರ್ ರುಚಿ ನೋಡೋದಾದರೆ

ವೀಕೆಂಡಿಗೆ ಇಂದಿರಾನಗರ, ಕೋರಮಂಗಲದ ಬ್ರೂಪಬ್‌ಗಳ (ಅಲ್ಲೇ ಬಿಯರ್ ತಯಾರಿಸಿ ಕೊಡುವ ಪಬ್‌ಗಳು) ಕಡೆ ಹೊರಟವರಿಗೆ ಒಂದು ಸಲಹೆ. ಬೆಲ್ಜಿಯನ್ ಟ್ರಿಪೆಲ್ (ಹೊಂಬಣ್ಣದ ಸ್ಟ್ರಾಂಗ್ ಬಿಯರ್), ಇಂಪೀರಿಯಲ್ ಸ್ಟೌಟ್ (ಕಪ್ಪಗಿನ ಸ್ಟ್ರಾಂಗ್ ಬಿಯರ್) ಥರದ್ದು ಸಿಕ್ಕರೆ ನೇರವಾಗಿ ದೊಡ್ಡ ಮಗ್ ಹೇಳಬೇಡಿ. ಮೊದಲು ಸ್ವಲ್ಪ ಸ್ಯಾಂಪಲ್ ಕೇಳಿ.

ಲೆಕ್ಕ ನೋಡಿ: 9% ಇರುವ 330 ಎಂಎಲ್ ಬಿಯರಲ್ಲಿ ಸುಮಾರು 30 ಎಂಎಲ್ ಆಲ್ಕೋಹಾಲ್. 5% ಇರುವ 650 ಎಂಎಲ್ ದೊಡ್ಡ ಬಾಟಲಿಯಲ್ಲೂ ಹೆಚ್ಚುಕಡಿಮೆ ಅಷ್ಟೇ!

ತುಂಬಾ ತಣ್ಣಗಿದ್ದರೆ ವಾಸನೆಯೇ ಏಳುವುದಿಲ್ಲ. ಸುಮ್ನೆ ಹತ್ತು ನಿಮಿಷ ಬಿಡಿ, 10–13 ಡಿಗ್ರಿಗೆ ಬಂದರೆ ಚೆನ್ನ. ಫ್ರಿಜ್‌ನಲ್ಲಿಟ್ಟ ಗ್ಲಾಸ್ ತಂದರೆ ಬೇಡ ಅನ್ನಿ, ಬಾಯಿ ಕಿರಿದಾದ ಗ್ಲಾಸ್ ಕೇಳಿ. ಅರ್ಧಕ್ಕಿಂತ ಕಡಿಮೆ ತುಂಬಿಸಿ, ಮೆಲ್ಲಗೆ ತಿರುಗಿಸಿ, ಮೂಸಿ ನೋಡಿ. ಟ್ರಿಪೆಲ್‌ನಲ್ಲಿ ಲವಂಗ, ಹಣ್ಣಿನ ಘಮ ಬಂದರೆ ಅದು ಬಹುಪಾಲು ಯೀಸ್ಟ್‌ನ ಕೆಲಸ, ಯಾರೂ ಎಸೆನ್ಸ್ ಹಾಕಿಲ್ಲ. ಸ್ಟೌಟ್‌ನ ಕಾಫಿ ಘಮ ಹುರಿದ ಬಾರ್ಲಿಯದು. ಫಿಲ್ಟರ್ ಕಾಫಿ ಊರಿನವರಿಗೆ ಇದು ಬೇಗ ಹಿಡಿಸುತ್ತದೆ, ಅಲ್ವಾ?

ಗುಟುಕು ಚಿಕ್ಕದಿರಲಿ. ಬಾಯಲ್ಲಿ ಒಂದು ಕ್ಷಣ ಇಟ್ಟುಕೊಂಡು ನುಂಗಿ. ವೈನ್‌ನವರ ಹಾಗೆ ಉಗುಳಬೇಡಿ, ಕಹಿ ಸರಿಯಾಗಿ ಗೊತ್ತಾಗುವುದು ನುಂಗಿದ ಮೇಲೆ. ಹಲವು ಬಗೆ ಇದ್ದರೆ ಲೈಟ್‌ನಿಂದ ಶುರು ಮಾಡಿ, ಸ್ಟ್ರಾಂಗ್ ಕೊನೆಗೆ. ಜೊತೆಗೆ ಪೆಪ್ಪರ್ ಚಿಕನ್ ಬೇಡವೇ ಬೇಡ, ಆಲ್ಕೋಹಾಲ್ ಸೇರಿದರೆ ಖಾರ ಇನ್ನೂ ಜಾಸ್ತಿ ಅನಿಸುತ್ತದೆ. ಸ್ಟೌಟ್‌ಗೆ ಬ್ರೌನಿ ಒಳ್ಳೆ ಜೋಡಿ.

ಖಾಲಿ ಹೊಟ್ಟೆಯಲ್ಲಿ ಹೋಗಬೇಡಿ, ನೀರು ಕುಡಿಯುತ್ತಿರಿ. ಗಾಡಿ ಮನೆಯಲ್ಲೇ ಇರಲಿ. ಕಾನೂನಿನ ಮಿತಿ 100 ಎಂಎಲ್ ರಕ್ತಕ್ಕೆ 30 ಮಿಲಿಗ್ರಾಂ ಅಷ್ಟೇ. ಇಂದಿರಾನಗರಕ್ಕಂತೂ ಪರ್ಪಲ್ ಲೈನ್ ಮೆಟ್ರೋ ಇದೆ.