ಗಾಯಕನ ಅಳತೆ ಸಿಕ್ಕಮೇಲೆಯೇ ಆರಿಯಾ

ಎಂಟು ವಾರ ಬರೀ ರೆಸಿಟಟಿವ್ (ಒಪೆರಾದಲ್ಲಿ ಹಾಡುಗಳ ನಡುವೆ ಮಾತಿನ ಧಾಟಿಯಲ್ಲಿ ಹಾಡುವ ಸಂಭಾಷಣೆ) ತಿದ್ದಿಸಿದರೆ ಗಾಯಕರು ಬಿಟ್ಟು ಹೋಗುತ್ತಾರೆ ಎಂದು ನಮ್ಮ ಹವ್ಯಾಸಿ ತಂಡದಲ್ಲೇ ಹಲವರು ಎಚ್ಚರಿಸಿದ್ದರು. ಒಬ್ಬರೂ ಹೋಗಲಿಲ್ಲ. ಮೊಜಾರ್ಟನ ಒಪೆರಾ ‘ಮಿತ್ರಿದಾತೆ’ಯ ಮೊದಲೆರಡು ಅಂಕಗಳಿಂದ ಆಯ್ದ ಒಂದೂವರೆ ಗಂಟೆಯನ್ನು ಈ ಚಳಿಗಾಲ ಇಲ್ಲೇ ಮಿಲಾನಿನಲ್ಲಿ ಎಲ್ಲೂ ನಿಲ್ಲದೆ ದಾಟಿಸಿದೆವು. ಪಿಯಾನೊಗಿಂತ ಹಳೆಯ ಕೀಲಿಮಣೆ ವಾದ್ಯವಾದ ಹಾರ್ಪ್ಸಿಕಾರ್ಡ್ ನುಡಿಸುತ್ತಲೇ ತಂಡವನ್ನು ನಡೆಸಿದವನು ನಾನು.

ಅದರ ಹಿಂದಿನ ವರ್ಷ ಆರಿಯಾಗಳಿಂದ, ಅಂದರೆ ಪಾತ್ರಗಳ ಒಂಟಿ ಹಾಡುಗಳಿಂದ, ಶುರು ಮಾಡಿ ಕೈಸುಟ್ಟುಕೊಂಡಿದ್ದೆ. ಎಲ್ಲರಿಗೂ ತಮ್ಮ ಹಾಡು ಬಾಯಿಪಾಠ, ಎದುರಿನವನ ಮಾತು ಎಲ್ಲಿ ಮುಗಿಯುತ್ತದೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಮೂರು ಕಡೆ ನಿಂತೆವು. ಸಭಾಂಗಣ, ವಾದ್ಯದ ಬಾಡಿಗೆ, ಶ್ರುತಿ ಮಾಡುವವರ ಕೂಲಿ ಸೇರಿ ಸುಮಾರು 1,900 ಯೂರೊ. ಅರ್ಧ ನನ್ನ ಜೇಬಿನಿಂದ.

ಆಮೇಲೆ ಈ ಒಪೆರಾ ಬರೆದ 1770ರ ಮೊಜಾರ್ಟ್ ಕುಟುಂಬದ ಪತ್ರಗಳನ್ನು ಮತ್ತೆ ಓದಿದೆ. ಹದಿನಾಲ್ಕರ ಹುಡುಗ ಮೊಜಾರ್ಟ್ ಮೊದಲು ಬರೆದದ್ದು ರೆಸಿಟಟಿವ್‌ಗಳನ್ನು; ಅಕ್ಟೋಬರಿನಲ್ಲಿ ಈ ಊರಿಗೆ ಬಂದವನು, ಬರೆದೂ ಬರೆದೂ ಬೆರಳು ನೋಯುತ್ತಿವೆ ಎಂದು ತಾಯಿಗೆ ತಿಳಿಸುತ್ತಾನೆ. ರಾಜ ಮಿತ್ರಿದಾತೆಯ ಮಗ ಸಿಫಾರೆಯ ಪಾತ್ರದ ಗಾಯಕ ಬರುವವರೆಗೆ, ಒಂದನ್ನು ಬಿಟ್ಟರೆ ಅವನ ಆರಿಯಾಗಳನ್ನು ಮುಟ್ಟಲಿಲ್ಲ. ಮೈಯಳತೆ ಸಿಗದೆ ಅಂಗಿ ಹೊಲಿಯುವುದು ಬೇಡ ಎಂಬ ಲೆಕ್ಕ. ಡಿಸೆಂಬರ್ 12ರಂದು ಹದಿನಾರು ವಾದಕರ ಸಣ್ಣ ಅಭ್ಯಾಸ, ಆಮೇಲೆ ಅರುವತ್ತರ ಪೂರ್ಣ ವಾದ್ಯವೃಂದ, 26ಕ್ಕೆ ಮೊದಲ ಪ್ರದರ್ಶನ. ಈ ಕ್ರಮವನ್ನೇ ನಾನು ಎತ್ತಿಕೊಂಡೆ.

ಮೊದಲ ಎರಡು ವಾರ ಸ್ವರವಿಲ್ಲದೆ ಬರೀ ಮಾತು. ನಂತರ ಚೆಲ್ಲೊ, ಹಾರ್ಪ್ಸಿಕಾರ್ಡ್ ಅಷ್ಟೇ. ರೆಸಿಟಟಿವ್ ಮುಗಿಯುವಾಗಿನ ಎರಡು ಸ್ವರಮೇಳಗಳನ್ನು (ಕಾರ್ಡ್‌ಗಳನ್ನು) ಯಾವ ಗಳಿಗೆಯಲ್ಲಿ ಬಾರಿಸಬೇಕೆಂಬುದಕ್ಕೆ ನನ್ನದೇ ಒಂದು ಗುರುತಿದೆ. ಅದನ್ನು ನನ್ನ ಪ್ರತಿಯಲ್ಲೇ ಇಟ್ಟುಕೊಳ್ಳುತ್ತೇನೆ.

ರಾಜ ಮಿತ್ರಿದಾತೆಯ ಮೊದಲ ಆರಿಯಾ ‘ಸೆ ದಿ ಲೌರಿ’ಯನ್ನು ಮೊಜಾರ್ಟ್ ತನ್ನ ಟೆನರ್‌ಗಾಗಿ (ಎತ್ತರದ ಗಂಡುದನಿಯ ಗಾಯಕನಿಗಾಗಿ) ಹಲವು ಸಲ ಬದಲಿಸಿ ಬರೆದಿದ್ದ. ಆ ಧೈರ್ಯದ ಮೇಲೆ ನಮ್ಮ ಟೆನರ್‌ಗಾಗಿ ಅದನ್ನು ಒಂದು ಸ್ವರ ಇಳಿಸಿದೆ. ವಾದಕರ ಹಾಳೆಗಳನ್ನೆಲ್ಲ ಹೊಸದಾಗಿ ಬರೆಯಲು ಮೂರು ರಾತ್ರಿ ಹಿಡಿಯಿತು. ಸಿಫಾರೆಯ ಆರಿಯಾ ‘ಲುಂಜಿ ದಾ ತೆ’ಗೆ ಬೇಕಾದ ಹಾರ್ನ್ (ಕೊಂಬಿನಂಥ ಊದುವಾದ್ಯ) ವಾದಕರು ಒಂದು ಸಂಜೆಗೆ 400 ಯೂರೊ ಹತ್ತಿರ ಕೇಳಿದರು. ಉಳಿಸೋಣವೆಂದು ಆ ಸಾಲನ್ನು ಚೆಲ್ಲೊದಲ್ಲಿ ನುಡಿಸಿ ನೋಡಿದೆವು. ಗಾಯಕಿಯ ಧ್ವನಿಯೊಂದಿಗೆ ಮಾತಾಡಬೇಕಾದ ಸಾಲು ಅದರ ಕೆಳಗೆ ಹೂತುಹೋಯಿತು. ಹಣ ಕೊಟ್ಟೆ.

ಪ್ರದರ್ಶನದ ರಾತ್ರಿ ಟೆನರ್ ‘ಸೆ ದಿ ಲೌರಿ’ಯಲ್ಲಿ ಕೆಳಸ್ವರದಿಂದ ಮೇಲಕ್ಕೆ ಹೋಗುವ ಮೊದಲ ದೊಡ್ಡ ಜಿಗಿತವನ್ನು ಅಳುಕದೆ ಹಿಡಿದಾಗ, ಚೆಲ್ಲೊ ನುಡಿಸುತ್ತಿದ್ದವರು ಬಿಲ್ಲು ತಡೆಯದೆಯೇ ನನ್ನತ್ತ ತಿರುಗಿ ಕಣ್ಣರಳಿಸಿದರು. ಟಿಕೆಟ್‌ನಿಂದ 2,300ರಷ್ಟು ಬಂತು, ಖರ್ಚು ಕಳೆದು ಇನ್ನೂರು ಉಳಿಯಿತು. ಅದನ್ನು ಮೂರನೇ ಅಂಕಕ್ಕೆಂದು ಎತ್ತಿಟ್ಟಿದ್ದೇನೆ.