ಮಾಲ್‌ನಲ್ಲಿ ಹಿತಮಿತವಾದ ಖರ್ಚಿನಲ್ಲಿ ಊಟ ಮಾಡುವುದು ಹೇಗೆ?

ಮಾಲ್‌ನಲ್ಲಿ ಊಟಕ್ಕೆ ಕೂತರೆ ಜೇಬು ಬರಿದಾಗುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ಅಲ್ಲಿನ ಸಾಧಾರಣ ದರ್ಜೆಯ ರೆಸ್ಟೋರೆಂಟುಗಳಲ್ಲಿ ಬಿಲ್ಲನ್ನು ಉಬ್ಬಿಸುವುದು ಮುಖ್ಯ ಊಟಕ್ಕಿಂತ ಹೆಚ್ಚಾಗಿ ಅದರ ಸುತ್ತ ಒಂದೊಂದಾಗಿ ಬಂದು ಸೇರಿಕೊಳ್ಳುವ ಸಣ್ಣಪುಟ್ಟ ಬಾಬ್ತುಗಳು. ಅವುಗಳಲ್ಲಿ ಹೆಚ್ಚಿನವನ್ನು ನಾವು ಹಸಿದು, ದಣಿದು, ಕೈಚೀಲಗಳನ್ನು ಪಕ್ಕಕ್ಕಿಟ್ಟು ಕುರ್ಚಿಗೆ ಒರಗಿದ ಮೊದಲ ಐದು ನಿಮಿಷಗಳಲ್ಲೇ ಒಪ್ಪಿಕೊಂಡುಬಿಟ್ಟಿರುತ್ತೇವೆ. ಆದಕಾರಣ ಎಲ್ಲಿ ಕೂರಬೇಕು, ಎಷ್ಟು ತರಿಸಬೇಕು, ಯಾವುದನ್ನು ಬೇಡ ಎನ್ನಬೇಕು ಎಂಬುದನ್ನು ಕೂರುವುದಕ್ಕೆ ಮುಂಚೆಯೇ ನಿಶ್ಚಯಿಸಿಕೊಂಡವರಿಗೆ ಮಾಲ್‌ನ ಊಟ ಅಷ್ಟೇನೂ ದುಬಾರಿಯಾಗುವುದಿಲ್ಲ.

ಒಂದು ಲೆಕ್ಕವನ್ನು ನೋಡೋಣ. ಮುಖ್ಯ ಊಟ ಒಂದಕ್ಕೆ 100 ಎಂದು ಇಟ್ಟುಕೊಂಡರೆ ಇಬ್ಬರಿಗೆ 200 ಆಯಿತು. ಇದಕ್ಕೆ ಎರಡು ಬಾಟಲಿ ನೀರಿಗೆ 30, ಎರಡು ತಂಪು ಪಾನೀಯಕ್ಕೆ 80, ಊಟ ಬರುವತನಕ ಬಾಯಾಡಿಸಲು ತರಿಸಿದ ಸ್ಟಾರ್ಟರ್ ಒಂದಕ್ಕೆ 90, ಕೊನೆಗೆ ಇಬ್ಬರೂ ಹಂಚಿಕೊಂಡ ಸಿಹಿಗೆ 70 ಸೇರಿಸಿದರೆ ಮೊತ್ತ 470ಕ್ಕೆ ಏರುತ್ತದೆ. ಶೇಕಡಾ 10ರಷ್ಟು ಸೇವಾ ಶುಲ್ಕ, ಅದರ ಮೇಲೆ ಶೇಕಡಾ 5ರ ತೆರಿಗೆ ಬಿದ್ದರೆ ಕೊಡಬೇಕಾದದ್ದು ಸುಮಾರು 543. ಬಾಗಿಲ ಬಳಿಯ ಮೆನುವಿನಲ್ಲಿ 100 ಎಂಬ ಅಂಕಿಯನ್ನು ನೋಡಿ ಒಳಹೊಕ್ಕವರು ಅದರ ಎರಡೂಮುಕ್ಕಾಲು ಪಟ್ಟಿಗೆ ಹತ್ತಿರವಾದ ಹಣವನ್ನು ತಲೆಗೆ ತೆತ್ತು ಹೊರಬರುತ್ತಾರೆ. ಶುಲ್ಕ, ತೆರಿಗೆಗಳ ಪ್ರಮಾಣ ದೇಶದಿಂದ ದೇಶಕ್ಕೆ ಬೇರೆಯಾದರೂ ಬಿಲ್ಲು ಬೆಳೆಯುವ ಬಗೆ ಎಲ್ಲ ಕಡೆಯೂ ಹೆಚ್ಚುಕಡಿಮೆ ಇದೇ. ನೀರು, ಪಾನೀಯ, ಸ್ಟಾರ್ಟರ್, ಸಿಹಿ ಈ ನಾಲ್ಕೂ ಸೇರಿ 270 ಆಗಿರುವುದನ್ನು, ಅಂದರೆ ಊಟಕ್ಕಿಂತ ಹೆಚ್ಚಾಗಿರುವುದನ್ನು ಗಮನಿಸಿ. ಉಳಿತಾಯಕ್ಕೆ ಅವಕಾಶವಿರುವುದು ಇಲ್ಲಿಯೇ ಹೊರತು ಅಗ್ಗದ ಊಟವನ್ನು ಹುಡುಕಿಕೊಂಡು ಮೂರು ಅಂತಸ್ತು ಸುತ್ತುವುದರಲ್ಲಿ ಅಲ್ಲ.

ಮೊದಲ ತೀರ್ಮಾನ ಹೊತ್ತಿಗೆ ಸಂಬಂಧಿಸಿದ್ದು. ವಾಸ್ತುಶಿಲ್ಪಿ ವಿಕ್ಟರ್ ಗ್ರೂಯೆನ್ ವಿನ್ಯಾಸ ಮಾಡಿದ, 1956ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯದಲ್ಲಿ ತೆರೆದ ಸೌತ್‌ಡೇಲ್ ಸೆಂಟರ್‌ನಿಂದ ಮೊದಲ್ಗೊಂಡು ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್‌ಗಳ ಪರಂಪರೆ ಬೆಳೆದಿದೆ. ಮಳೆ, ಚಳಿ, ಬಿಸಿಲುಗಳಷ್ಟೇ ಅಲ್ಲ, ಹೊತ್ತು ಏರಿದ್ದು ಇಳಿದದ್ದು ಕೂಡ ಒಳಗಿದ್ದವರಿಗೆ ತಿಳಿಯದಂಥ ಕಟ್ಟಡಗಳು ಇವು. ಹನ್ನೊಂದಕ್ಕೆ ಒಳಗೆ ಹೋದವರು ಎರಡೂವರೆಗೆ ಗಡಿಯಾರ ನೋಡಿ ಬೆಚ್ಚುವುದು, ಆ ಹೊತ್ತಿಗೆ ಮಕ್ಕಳು ಹಸಿವಿನಿಂದ ರಂಪ ಮಾಡುವುದು, ಕಣ್ಣಿಗೆ ಬಿದ್ದ ಮೊದಲ ರೆಸ್ಟೋರೆಂಟಿಗೆ ಎಲ್ಲರೂ ನುಗ್ಗುವುದು ನಮ್ಮ ಮನೆಯಲ್ಲಿ ಎಷ್ಟೋ ಸಲ ಆಗಿದೆ. ಈಗ ನಾವು ಮಾಡುವುದು ಇಷ್ಟೇ: ಮಾಲ್‌ಗೆ ಕಾಲಿಟ್ಟ ಕೂಡಲೇ ಊಟದ ಸಮಯವನ್ನು ಗೊತ್ತುಮಾಡಿ ಫೋನಿನಲ್ಲಿ ಅಲಾರಂ ಇಡುತ್ತೇವೆ, ಮತ್ತು ಅದನ್ನು ಜನಸಂದಣಿ ಶುರುವಾಗುವುದಕ್ಕೆ ಅರ್ಧ ಗಂಟೆ ಮುಂಚಿನ ಸಮಯಕ್ಕೆ ಇಡುತ್ತೇವೆ. ಹಸಿವು ಇನ್ನೂ ಮಂದವಾಗಿರುವಾಗ ಮೆನುವನ್ನು ಓದುವ ತಾಳ್ಮೆಯೇ ಬೇರೆ. ಸರದಿ ಇಲ್ಲದಿರುವುದರಿಂದ, ಕಾಯುವ ಬೇಸರಕ್ಕೆಂದು ಸ್ಟಾರ್ಟರ್ ತರಿಸುವ ಪ್ರಮೇಯವೂ ಬರುವುದಿಲ್ಲ.

ವಾರದ ನಡುವಿನ ದಿನಗಳಲ್ಲಿ ಹೋಗುವ ಅನುಕೂಲ ಇದ್ದವರು ಅದನ್ನು ಬಿಡಬಾರದು. ಮಾಲ್‌ನ ರೆಸ್ಟೋರೆಂಟು ಅನೇಕ ಕಡೆ ಗೊತ್ತಾದ ಬಾಡಿಗೆಯ ಜೊತೆಗೆ ಮಾರಾಟದ ಇಂತಿಷ್ಟು ಪಾಲನ್ನೂ ಮಾಲ್‌ನ ಒಡೆಯರಿಗೆ ಕೊಡುತ್ತದೆ. ಸೀಟು ಖಾಲಿ ಇದ್ದರೂ ಬಾಡಿಗೆ, ಸಂಬಳ, ವಿದ್ಯುತ್ತು ತಪ್ಪುವುದಿಲ್ಲ. ಮಂಗಳವಾರ ಮಧ್ಯಾಹ್ನ ಖಾಲಿ ಉಳಿದ ಕುರ್ಚಿಯನ್ನು ಭಾನುವಾರ ಮಾರಲು ಬರುವುದಿಲ್ಲ. ಕೆಲಸದ ದಿನಗಳ ಮಧ್ಯಾಹ್ನಕ್ಕೆಂದೇ ಕಡಿಮೆ ಬೆಲೆಯ ಊಟದ ಸೆಟ್ಟುಗಳು ಹುಟ್ಟಿಕೊಂಡದ್ದು ಈ ಕಾರಣದಿಂದಲೇ. ಅದೇ ಅಡುಗೆಮನೆ, ಅದೇ ಕೈಗಳು, ಪ್ರಮಾಣ ಮಾತ್ರ ಸ್ವಲ್ಪ ಚಿಕ್ಕದು. ಮಧ್ಯಾಹ್ನದ ಊಟಕ್ಕೆ ಅದು ಬೇಕಾದಷ್ಟಾಯಿತು.

ಎಲ್ಲಿ ಕೂರಬೇಕೆಂಬುದು ಎರಡನೆಯ ಪ್ರಶ್ನೆ. ಫುಡ್ ಕೋರ್ಟ್ ಎಂಬ ಏರ್ಪಾಡು ಮಾಲ್‌ಗಳಲ್ಲಿ ನೆಲೆಯೂರಿದ್ದು 1970ರ ದಶಕದಲ್ಲಿ. ಅಮೆರಿಕದಲ್ಲಿ ಅದು ಮೊದಲು ಚೆನ್ನಾಗಿ ಕುದುರಿದ ಜಾಗವೆಂದು 1974ರಲ್ಲಿ ತೆರೆದ ನ್ಯೂಜೆರ್ಸಿಯ ಪ್ಯಾರಾಮಸ್ ಪಾರ್ಕ್ ಮಾಲನ್ನು ಹೆಸರಿಸುತ್ತಾರೆ. ಅಲ್ಲಿ ಮೇಜು ಕುರ್ಚಿಗಳೆಲ್ಲ ಸಾಮೂಹಿಕ, ತಟ್ಟೆ ಹೊತ್ತು ತರುವವರು ನಾವೇ, ಆದ್ದರಿಂದ ಬೆಲೆಯೂ ಇಳಿದಿರುತ್ತದೆ. ಒಬ್ಬೊಬ್ಬರದು ಒಂದೊಂದು ರುಚಿಯಾದ ಕುಟುಂಬಕ್ಕೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದು ಕಡೆ ಮಾತ್ರ ಎಚ್ಚರ ಬೇಕು: ನಾಲ್ವರು ನಾಲ್ಕು ಕೌಂಟರಿಗೆ ಚದುರಿದರೆ ಒಟ್ಟು ಖರ್ಚು ಎಷ್ಟೆಂದು ಯಾರಿಗೂ ಗೊತ್ತಾಗುವುದಿಲ್ಲ, ಪ್ರತಿಯೊಬ್ಬರೂ ತಮ್ಮ ತಮ್ಮ ಕೌಂಟರಿನಲ್ಲಿ ಪಾನೀಯ ಸೇರಿದ ಕಾಂಬೊ ಒಂದನ್ನು ಹಿಡಿದು ಬರುತ್ತಾರೆ, ಮತ್ತು ಎಲ್ಲವನ್ನೂ ಕೂಡಿದಾಗ ಪಕ್ಕದ ರೆಸ್ಟೋರೆಂಟಿನಲ್ಲಿ ಆರಾಮವಾಗಿ ಕೂತು ಹಂಚಿಕೊಂಡು ತಿಂದಿದ್ದರೆ ಆಗುತ್ತಿದ್ದಷ್ಟೇ ಮೊತ್ತವಾಗಿರುತ್ತದೆ. ಹಣವನ್ನು ಮೊದಲೇ ತುಂಬಿಸಿಕೊಳ್ಳುವ ಕಾರ್ಡಿನ ಪದ್ಧತಿಯಿದ್ದರೆ ಅಂದಾಜಿಗಿಂತ ಕಡಿಮೆಯನ್ನೇ ತುಂಬಿಸಿ, ಉಳಿದ ಹಣ ಮರಳಿ ಸಿಗುವುದೇ, ಅದೇ ದಿನ ಕೇಳಬೇಕೇ ಎಂಬುದನ್ನು ಕಾರ್ಡು ಕೊಳ್ಳುವಾಗಲೇ ಕೇಳಿ.

ಫುಡ್ ಕೋರ್ಟುಗಳು ಬಹಳ ಕಡೆ ಮೇಲಿನ ಅಂತಸ್ತಿನಲ್ಲಿ ಇರುವುದಕ್ಕೂ ಒಂದು ಲೆಕ್ಕಾಚಾರವಿದೆ. ಜಪಾನಿನ ದೊಡ್ಡ ಅಂಗಡಿಗಳವರು ಇದನ್ನು ಶವರ್ ಪರಿಣಾಮ ಎನ್ನುತ್ತಾರೆ: ಊಟಕ್ಕೆಂದು ಮೇಲೆ ಹತ್ತಿದವರು ನೀರು ಸುರಿದು ಇಳಿಯುವಂತೆ ಒಂದೊಂದೇ ಅಂತಸ್ತನ್ನು ನೋಡುತ್ತ ಇಳಿಯಲಿ ಎಂಬುದು ಅದರ ಆಶಯ. ಊಟಕ್ಕೆಂದೇ ಬಂದವರು ಲಿಫ್ಟಿನಲ್ಲಿ ಹತ್ತಿ ಲಿಫ್ಟಿನಲ್ಲೇ ಇಳಿಯುವುದು ಕ್ಷೇಮ. ಇನ್ನು, ದೊಡ್ಡ ಮಳಿಗೆಯೊಂದರ ಒಳಗೇ ಇರುವ ಕೆಫೆಯನ್ನು ಜನ ಮರೆಯುವುದುಂಟು. ಹಸಿದ ಗಿರಾಕಿ ವ್ಯಾಪಾರ ಮಾಡುವುದಿಲ್ಲವೆಂಬುದು ಪೀಠೋಪಕರಣಗಳ ಐಕಿಯಾ ಸಂಸ್ಥೆಯ ಸ್ಥಾಪಕ ಇಂಗ್ವಾರ್ ಕಾಂಪ್ರಾಡ್ ಅವರ ನಂಬಿಕೆಯಾಗಿತ್ತು. ಆ ಮಳಿಗೆಗಳ ಊಟದ ಬೆಲೆ ಇಳಿದಿರುವುದರ ಹಿಂದೆ ಈ ಯೋಚನೆಯೇ ಇದೆ. ಊಟದಿಂದಲೇ ಬದುಕಬೇಕಾಗಿಲ್ಲದ ಅಂಗಡಿಯಲ್ಲಿ ಊಟ ಅಗ್ಗವಾಗಿ ಸಿಗುವುದು ಸಹಜ. ಆದರೆ ಊಟ ಮುಗಿಸಿ ಒಂದು ಕುರ್ಚಿಯನ್ನೂ ಕೊಂಡು ಬಂದರೆ ಆ ಉಳಿತಾಯವನ್ನು ಯಾರ ಲೆಕ್ಕಕ್ಕೆ ಬರೆಯುವುದೋ ನಾನರಿಯೆ.

ಮೆನುವನ್ನು ಬಾಗಿಲಿನ ಹೊರಗೆ ನಿಂತೇ ಓದಿ. ಕೂತು, ನೀರು ಕುಡಿದು, ಕರವಸ್ತ್ರವನ್ನು ತೊಡೆಯ ಮೇಲೆ ಹರಡಿಕೊಂಡ ಮೇಲೆ ಎದ್ದು ಹೋಗಲು ನಮ್ಮಲ್ಲಿ ಹೆಚ್ಚಿನವರಿಗೆ ಸಂಕೋಚವಾಗುತ್ತದೆ. ಓದುವಾಗ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಡಿ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬೆಲೆಯ ಮುಂದೆ ಡಾಲರ್ ಗುರುತಿಲ್ಲದೆ ಬರೀ ಅಂಕಿಯಿದ್ದ ಮೆನುವನ್ನು ಪಡೆದವರು ಹೆಚ್ಚು ಖರ್ಚು ಮಾಡಿದ್ದು ಕಂಡುಬಂತು. ಮೂಲೆಯಲ್ಲಿ ಸಣ್ಣದಾಗಿ ಬರೆದ ಅಂಕಿ ಹಣವೆಂದು ಅನ್ನಿಸದೆ ಹೋಗುವುದು ಹೀಗೆ. ಎರಡನೆಯದು, ಅಕ್ಕಪಕ್ಕದ ಬೆಲೆಗಳ ಮೋಡಿ. ಮಧ್ಯಮ ಅಳತೆಗೆ 90, ದೊಡ್ಡದಕ್ಕೆ 100 ಎಂದಿದ್ದರೆ ಮಧ್ಯಮದ್ದು ಬಹುಶಃ ಮಾರಲು ಇಟ್ಟದ್ದಲ್ಲ, ದೊಡ್ಡದನ್ನು ಲಾಭದಂತೆ ತೋರಿಸಲು ಇಟ್ಟದ್ದು. 60ರ ಚಿಕ್ಕದು ನಿಮ್ಮ ಹೊಟ್ಟೆಗೆ ಸಾಕೆಂದಾದರೆ ಉಳಿದೆರಡನ್ನೂ ನೋಡುವ ಅಗತ್ಯವೇ ಇಲ್ಲ. ಬೆಲೆಯಲ್ಲಿ ತೆರಿಗೆ ಸೇರಿದೆಯೇ, ಸೇವಾ ಶುಲ್ಕ ಬೇರೆ ಇದೆಯೇ ಎಂಬುದು ಮೆನುವಿನ ಕಟ್ಟಕಡೆಯ ಸಾಲಿನಲ್ಲಿ ಇರುತ್ತದೆ. ಮೊದಲು ಓದಬೇಕಾದದ್ದು ಅದನ್ನೇ.

ಎಷ್ಟು ತರಿಸಬೇಕೆಂಬ ವಿಷಯದಲ್ಲಿ ನನ್ನ ಅನುಭವದ ಸೂತ್ರ ಬಹಳ ಸರಳವಾದದ್ದು: ತಲೆಯೆಣಿಕೆಗಿಂತ ಒಂದು ಕಡಿಮೆ ಹೇಳಿ. ನಾಲ್ವರಿದ್ದರೆ ಮೂರು ಮುಖ್ಯ ಊಟ ತರಿಸಿ, ಹಂಚಿಕೊಂಡು ತಿಂದು, ಇನ್ನೂ ಹಸಿವಿದ್ದರೆ ನಾಲ್ಕನೆಯದನ್ನು ಹೇಳಿದರಾಯಿತು. ಮೇಜಿಗೆ ಬಂದ ತಟ್ಟೆಯನ್ನು ಹಿಂದಕ್ಕೆ ಕಳಿಸಲಾಗದು, ಬಾರದ ತಟ್ಟೆಯನ್ನು ಯಾವಾಗ ಬೇಕಾದರೂ ತರಿಸಬಹುದು. ಪ್ರಮಾಣವನ್ನು ಕೇಳುವಾಗ "ದೊಡ್ಡದಾಗಿದೆಯೇ?" ಎಂದು ಕೇಳಿದರೆ ಹೌದೆಂಬ ಉತ್ತರವೇ ಬರುತ್ತದೆ, "ಇದು ಎಷ್ಟು ಜನರಿಗೆ ಸಾಕಾಗುತ್ತದೆ, ಎಷ್ಟು ತುಂಡುಗಳಿರುತ್ತವೆ?" ಎಂದು ಕೇಳಿ. ದುಂಡನೆಯ ತಿನಿಸಿನ ವಿಷಯದಲ್ಲಿ ಕಣ್ಣು ಮೋಸಹೋಗುವುದು ಹೆಚ್ಚು. 20 ಸೆಂಟಿಮೀಟರ್ ಅಡ್ಡಗಲದ ಪಿಜ್ಜಾಗಿಂತ 30 ಸೆಂಟಿಮೀಟರಿನದು ಒಂದೂವರೆ ಪಟ್ಟು ದೊಡ್ಡದೆಂದು ತೋರಿದರೂ ಹರವಿನಲ್ಲಿ ಅದು ಎರಡೂಕಾಲು ಪಟ್ಟು. ದೊಡ್ಡದರ ಬೆಲೆ ಚಿಕ್ಕದರ ಇಮ್ಮಡಿಯೊಳಗಿದ್ದರೆ, ಎರಡು ಚಿಕ್ಕದಕ್ಕಿಂತ ಒಂದು ದೊಡ್ಡದನ್ನು ಹಂಚಿಕೊಳ್ಳುವುದೇ ಲಾಭ.

ಪಾನೀಯದ ವಿಷಯಕ್ಕೆ ಬರೋಣ. ನೀರು, ಸಕ್ಕರೆ, ಮಂಜುಗಡ್ಡೆಗಳ ಅಸಲು ತೀರಾ ಕಡಿಮೆಯಾದ್ದರಿಂದ ರೆಸ್ಟೋರೆಂಟಿಗೆ ಇದರಷ್ಟು ಲಾಭ ತರುವ ವಸ್ತು ಅಪರೂಪ. ಒಮ್ಮೆ ನಾನು ಒಂದು ಕಡೆ ಕೂತ ಕೂಡಲೇ ಸರ್ವರ್ ಬಾಟಲಿ ನೀರನ್ನು ಮೇಜಿನ ಮೇಲಿಟ್ಟು, ನಾನು ಬಾಯಿ ತೆರೆಯುವ ಮುನ್ನವೇ ಮುಚ್ಚಳವನ್ನು ಕಟಕ್ಕೆಂದು ತಿರುಗಿಸಿದ. ಸೀಲು ಒಡೆದ ಬಾಟಲಿಯನ್ನು ಬೇಡವೆನ್ನುವ ಧೈರ್ಯ ನನಗೆ ಬರಲಿಲ್ಲ, ಬಿಲ್ಲಿನ ಮೊದಲ ಬಾಬ್ತು ಅದೇ ಆಗಿತ್ತು. ಅಂದಿನಿಂದ ಕೂರುತ್ತಲೇ ನನ್ನ ಮೊದಲ ಮಾತು, "ಕುಡಿಯಲು ಸಾದಾ ನೀರು ಕೊಡಿ." ತಂಪು ಪಾನೀಯ ಬೇಕೇ ಬೇಕೆನ್ನುವವರು ಊಟ ಬಂದ ಮೇಲೆ ಹೇಳಲಿ, ಕಾಯುತ್ತ ಕುಡಿದರೆ ಊಟದ ಹೊತ್ತಿಗೆ ಲೋಟ ಖಾಲಿಯಾಗಿ ಎರಡನೆಯದು ಬರುತ್ತದೆ. ಹಿನ್ನೆಲೆಯ ಸಂಗೀತಕ್ಕೂ ಇದರಲ್ಲಿ ಪಾತ್ರವಿದೆ. ರೊನಾಲ್ಡ್ ಮಿಲಿಮನ್ ಎಂಬ ಸಂಶೋಧಕರು 1986ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ವೇಗದ ಸಂಗೀತ ಕೇಳುತ್ತಿದ್ದವರು ಸುಮಾರು 45 ನಿಮಿಷ, ನಿಧಾನಗತಿಯ ಸಂಗೀತ ಕೇಳುತ್ತಿದ್ದವರು ಸುಮಾರು 56 ನಿಮಿಷ ಮೇಜಿನಲ್ಲಿ ಕೂತಿದ್ದರು. ಊಟದ ಖರ್ಚಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ, ಮದ್ಯಪಾನೀಯಗಳ ಖರ್ಚು ಮಾತ್ರ ನಿಧಾನಗತಿಯಲ್ಲಿ ಎದ್ದು ಕಾಣುವಷ್ಟು ಹೆಚ್ಚಿತ್ತು.

ಆಫರುಗಳನ್ನು ನಾನು ಕಡೆಗಣಿಸುವವನಲ್ಲ, ಆದರೆ ಷರತ್ತುಗಳನ್ನು ಓದದೆ ನಂಬುವವನೂ ಅಲ್ಲ. "ಒಂದಕ್ಕೆ ಒಂದು ಉಚಿತ" ಎಂಬ ಕೂಪನನ್ನು ನೆಚ್ಚಿ ಒಂದು ರೆಸ್ಟೋರೆಂಟಿನಲ್ಲಿ ಹೊಟ್ಟೆ ತುಂಬ ತಿಂದ ಮೇಲೆ, ನಾವು ತರಿಸಿದ್ದು ಆ ಪಟ್ಟಿಯಲ್ಲಿಲ್ಲವೆಂದು ಮ್ಯಾನೇಜರ್ ಕೂಪನಿನ ಹಿಂಬದಿಯ ಇರುವೆಸಾಲಿನಂಥ ಅಕ್ಷರಗಳನ್ನು ತೋರಿಸಿದರು. ತಪ್ಪು ನಮ್ಮದೇ. ಕೂಪನನ್ನು ಊಟ ಹೇಳುವ ಮೊದಲೇ ತೋರಿಸಿ, ಇದು ಇಂದು, ಈ ಹೊತ್ತಿಗೆ, ಈ ತಿನಿಸುಗಳಿಗೆ ನಡೆಯುತ್ತದೆಯೇ ಎಂದು ಕೇಳುವುದರಿಂದ ಯಾರ ಮರ್ಯಾದೆಯೂ ಹೋಗುವುದಿಲ್ಲ. ರಿಯಾಯಿತಿಗೆ ಮಿತಿಯಿದ್ದರೆ ಅದನ್ನು ಒಟ್ಟು ಬಿಲ್ಲಿನ ಮೇಲೆ ಹಾಕಿ ನೋಡಬೇಕು: "ಶೇಕಡಾ 50 ಕಡಿತ, ಗರಿಷ್ಠ 100" ಎಂಬುದು 600ರ ಬಿಲ್ಲಿನಲ್ಲಿ ಶೇಕಡಾ 17ಕ್ಕೂ ಕಡಿಮೆ. ಎರಡು ಕೊಂಡರೆ ಒಂದು ಉಚಿತವೆಂದರೆ ಮೂರೂ ಬೇಕಾಗಿದ್ದವರಿಗೆ ಮೂರನೆಯ ಒಂದು ಪಾಲು ಉಳಿಯುತ್ತದೆ, ಒಂದೇ ಬೇಕಾಗಿದ್ದವರಿಗೆ ಖರ್ಚು ಇಮ್ಮಡಿಯಾಗುತ್ತದೆ. ಬಫೆಯ ಲೆಕ್ಕವೂ ಇದೇ ಜಾಡಿನದು. ಕಡಿಮೆ ತಿನ್ನುವ ಹಿರಿಯರು, ಆಟದ ಗುಂಗಿನ ಮಕ್ಕಳು ಇರುವ ಗುಂಪಿಗೆ ಅದು ಹೊಂದುವುದಿಲ್ಲ.

ಬಿಲ್ಲು ಬಂದಾಗ ಮೊತ್ತವನ್ನಷ್ಟೇ ನೋಡಿ ಕಾರ್ಡು ಕೊಡಬೇಡಿ. ತರಿಸದೇ ಇದ್ದದ್ದು, ಎರಡು ಬಾರಿ ನಮೂದಾದದ್ದು, ರಿಯಾಯಿತಿ ಬಿಟ್ಟುಹೋದದ್ದು ಇವೇನಾದರೂ ಇದ್ದರೆ ಕಣ್ಣಾಡಿಸಿದೊಡನೆ ಸಿಗುತ್ತವೆ. ಸೇವಾ ಶುಲ್ಕ ಬಿಲ್ಲಿನಲ್ಲೇ ಸೇರಿದ್ದರೆ ಟಿಪ್ಸನ್ನು ಅದರ ಮೇಲೆ ಮತ್ತೆ ಕೊಡಬೇಕೇ ಎಂಬುದನ್ನು ಅದು ತಿಳಿದ ಮೇಲೆ ನಿರ್ಧರಿಸಿ. ಊಟದ ಬಿಲ್ಲು ತೋರಿಸಿದವರಿಗೆ ಪಾರ್ಕಿಂಗ್ ಶುಲ್ಕವನ್ನು ಮನ್ನಾ ಮಾಡುವ ಮಾಲ್‌ಗಳೂ ಇವೆ. ಬಿಲ್ಲನ್ನು ಮೇಜಿನ ಮೇಲೆಯೇ ಬಿಟ್ಟು ಹೋಗಬೇಡಿ.

ಮಿಕ್ಕಿದ್ದನ್ನು ಪಾರ್ಸೆಲ್ ಮಾಡಿಸುವುದರಿಂದ ಇನ್ನೊಂದು ಹೊತ್ತಿನ ಊಟ ಸಿಗುತ್ತದೆ, ಆದರೆ ಅದಕ್ಕೂ ಹೊತ್ತಿನ ಕಟ್ಟುಪಾಡಿದೆ. ಬೇಯಿಸಿದ ಆಹಾರವನ್ನು ಕೋಣೆಯ ಉಷ್ಣತೆಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇಡಬಾರದೆಂದು, ತಣ್ಣಗೆ ಇಡುವುದಾದರೆ 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಬಿಸಿಯಾಗಿ ಇಡುವುದಾದರೆ 60 ಡಿಗ್ರಿಗಿಂತ ಮೇಲೆ ಇಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಊಟದ ನಂತರ ಅದೇ ಮಾಲ್‌ನಲ್ಲಿ ಸಿನಿಮಾ ನೋಡುವುದಿದ್ದರೆ, ಮೊದಲು ಸಿನಿಮಾ ನೋಡಿ ಆಮೇಲೆ ಊಟಕ್ಕೆ ಹೋಗಿ, ಪೊಟ್ಟಣ ಹಿಡಿದು ನೇರವಾಗಿ ಮನೆಗೆ ಬನ್ನಿ.