ಹಳ್ಳದ ಪಂಪಿನಿಂದ ಬೆಟ್ಟದ ಟ್ಯಾಂಕಿಗೆ ಆರ್‌ಎಸ್-485 ಎಳೆಯುವ ಬಗೆ

ಶಿರಸಿ ಕಡೆಯ ಅಡಿಕೆ ತೋಟ. ಸೊಪ್ಪಿನ ಬೆಟ್ಟದ ಮೇಲೆ ಟ್ಯಾಂಕು, ಕೆಳಗೆ ಹಳ್ಳದ ಬದಿಗೆ ಪಂಪು, ಸರಿ ನಡುವೆ ಮನೆ; ಒಟ್ಟು 400 ಮೀಟರ್ ಎನ್ನಿ. ಆರ್ಡುವಿನೋ ಎಂಬ ಪುಟ್ಟ ಕಂಟ್ರೋಲರ್ ಬೋರ್ಡಿನ ಸೀರಿಯಲ್ ಪಿನ್ನಿನಿಂದ ನೇರವಾಗಿ ಇಷ್ಟು ದೂರ ಡೇಟಾ ಕಳಿಸಲಾಗದು. ಎ, ಬಿ ಎಂಬ ಎರಡು ತಂತಿಗಳಲ್ಲಿ ಡೇಟಾ ಕಳಿಸುವ ಆರ್‌ಎಸ್-485 ಪದ್ಧತಿಗೆ 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗದಲ್ಲಿ) ಇದು ಸುಲಭ. ಅದು ನೋಡುವುದು ಈ ತಂತಿಗಳ ನಡುವಿನ ವೋಲ್ಟೇಜ್ ವ್ಯತ್ಯಾಸವನ್ನು ಮಾತ್ರ. ಮೋಟರಿನ ವಿದ್ಯುತ್ ಗದ್ದಲ ಒಟ್ಟಿಗೆ ಹೊಸೆದ ಎರಡೂ ತಂತಿಗೆ ಸಮನಾಗಿ ತಾಗುವುದರಿಂದ ವ್ಯತ್ಯಾಸ ಕೆಡುವುದಿಲ್ಲ.

ಸೀರಿಯಲ್ ಸಿಗ್ನಲನ್ನು ಆರ್‌ಎಸ್-485ಕ್ಕೆ ಬದಲಿಸುವ ಮ್ಯಾಕ್ಸ್485 ಮಾಡ್ಯೂಲ್ ಮೂರು, ಶುದ್ಧ ತಾಮ್ರದ ಹೊರಾಂಗಣ ಕ್ಯಾಟ್-5 ಕೇಬಲ್ (ಹೊಸೆದ ನಾಲ್ಕು ಜೋಡಿ ತಂತಿಯ ನೆಟ್‌ವರ್ಕ್ ಕೇಬಲ್) ತನ್ನಿ. ಆರ್ಡುವಿನೋ ಬದಲು 3.3 ವೋಲ್ಟಿನ ಇಎಸ್‌ಪಿ32 ಬೋರ್ಡು ಬಳಸುವವರು 3.3 ವೋಲ್ಟಿನ ಮ್ಯಾಕ್ಸ್3485 ಹಾಕಬೇಕು. ಎ, ಬಿ ಎರಡೂ ಒಂದೇ ಜೋಡಿಯಲ್ಲಿರಲಿ. ಇನ್ನೊಂದು ಜೋಡಿಯಲ್ಲಿ ಗ್ರೌಂಡ್ ಕೊಡಿ. ಅನೇಕರು ಇದನ್ನೇ ಬಿಡುತ್ತಾರೆ. ಎರಡು ಕಡೆಯ ಗ್ರೌಂಡಿನ ಅಂತರ −7ರಿಂದ +12 ವೋಲ್ಟಿನ ಮಿತಿ ದಾಟಿದರೆ ಚಿಪ್ಪೇ ಸುಡಬಹುದು. ಕೇಬಲ್ ಟ್ಯಾಂಕಿನಿಂದ ಮನೆಗೆ ಬಂದು ಅಲ್ಲಿಂದ ಪಂಪಿಗೆ ಹೋಗಲಿ, ಕವಲು ಬೇಡ.

ಈಗ ಮುಖ್ಯ ಸಂಗತಿ. ತುದಿಯಲ್ಲಿ ಎ-ಬಿ ನಡುವೆ 120 ಓಂ ರೆಸಿಸ್ಟರ್ ಇಲ್ಲದಿದ್ದರೆ ಸಿಗ್ನಲ್ ಬಡಿದು ಹಿಂದಿರುಗುತ್ತದೆ. ಅಗ್ಗದ ಮಾಡ್ಯೂಲಿನಲ್ಲಿ ‘121’ ಎಂದು ಬರೆದ ರೆಸಿಸ್ಟರ್ ಅದೇ. ಎರಡು ತುದಿಯಲ್ಲಿ ಇರಲಿ, ಮನೆಯದನ್ನು ಬೆಸುಗೆ ಬಿಡಿಸಿ ತೆಗೆಯಿರಿ. ಕರೆಂಟ್ ತೆಗೆದು ಮನೆಯಲ್ಲಿ ಎ-ಬಿ ನಡುವೆ ಮೀಟರ್ ಇಡಿ: ತಂತಿಯ ರೋಧವೂ ಸೇರಿ ಸುಮಾರು 75ರಿಂದ 80 ಓಂ ಬರಬೇಕು. 150ರ ಆಸುಪಾಸು ಬಂದರೆ ಒಂದು ಕಡೆ ಕಡಿದಿದೆ. 50ಕ್ಕಿಂತ ಕಡಿಮೆ ಬಂದರೆ ನಡುವಿನ 120 ಇನ್ನೂ ಇದೆ. ಅಲ್ಯುಮಿನಿಯಂಗೆ ತಾಮ್ರ ಬಳಿದ ಕೇಬಲಾದರೆ ಈ ಲೆಕ್ಕವೇ ತಪ್ಪುತ್ತದೆ.

ಆಮೇಲೆ ಮನೆಯ ಮಾಡ್ಯೂಲಿಗೆ ಮಾತ್ರ 560 ಓಂನ ಎರಡು ರೆಸಿಸ್ಟರ್ ಹಾಕಿ: ಎ-ಯಿಂದ 5 ವೋಲ್ಟಿಗೆ, ಬಿ-ಯಿಂದ ಗ್ರೌಂಡಿಗೆ. ಯಾರೂ ಮಾತಾಡದಾಗ ಎ-ಬಿ ವ್ಯತ್ಯಾಸ 0.2 ವೋಲ್ಟ್ ಮೀರಿರಬೇಕು, ಇಲ್ಲವಾದರೆ ರಿಸೀವರ್ ಇಲ್ಲದ ಅಕ್ಷರಗಳನ್ನು ಓದುತ್ತದೆ.

ಮಾಡ್ಯೂಲಿನ ಡಿಇ (ಕಳಿಸುವಿಕೆಯನ್ನು ತೆರೆಯುವ ಪಿನ್), ಆರ್‌ಇ (ಪಡೆಯುವಿಕೆಯನ್ನು ತೆರೆಯುವ ಪಿನ್) ಕೂಡಿಸಿ ಬೋರ್ಡಿನ ಒಂದೇ ಪಿನ್ನಿಗೆ ಕೊಡಿ. ಕಳಿಸುವಾಗ ಹೈ, ಕಳಿಸಿ ‘ಸೀರಿಯಲ್ ಫ್ಲಶ್’ (ಎಲ್ಲ ಬೈಟು ಹೊರಹೋಗುವ ತನಕ ಕಾಯುವ ಆಜ್ಞೆ) ಮುಗಿದ ಮೇಲೆಯೇ ಲೋ. ಅವಸರ ಮಾಡಿದರೆ ಕೊನೆಯ ಬೈಟು ತುಂಡಾಗುತ್ತದೆ. ಉತ್ತರವೇ ಬಾರದಿದ್ದರೆ ಎ, ಬಿ ಅದಲುಬದಲು ಮಾಡಿ. ಕೆಲವು ತಯಾರಕರು ಹೆಸರು ತಿರುಗಿಸಿ ಬರೆಯುತ್ತಾರೆ, ಅದರಿಂದ ಏನೂ ಸುಡುವುದಿಲ್ಲ.

ಕಾರವಾರ, ಅಂಕೋಲೆಯ ಉಪ್ಪುಗಾಳಿಗೆ ಬರಿ ಜೋಡಣೆ ಹಸಿರುಗಟ್ಟುತ್ತದೆ, ಜೆಲ್ ತುಂಬಿದ ಕನೆಕ್ಟರ್ ಬಳಸಿ. ಗುಡುಗಿನ ಕಾಲಕ್ಕೆ ಪ್ರತಿ ಕಡೆಯೂ ವೋಲ್ಟೇಜ್ ಏರಿಕೆಯನ್ನು ತಡೆಯುವ ಎಸ್‌ಎಂ712 ಡಯೋಡ್ ಇರಲಿ. ಹತ್ತಿರ ಸಿಡಿಲು ಬಡಿದರೆ ಅದೂ ತಡೆಯದು. ಮೋಡ ಕಟ್ಟುವಾಗಲೇ ಮೂರೂ ಕಡೆ ಕನೆಕ್ಟರ್ ಕಿತ್ತಿಡಿ.